ಕಾಕಾನ ಊದಿದ ಕಾಲಿನ ಅಳತೆ

ನಮ್ಮ ಕಾಕಾ ಇಡೀ ನಿಜಾಮರ ಸೀಮೆಯಲ್ಲಿ ಯಾರನ್ನು ಬೇಕಾದರೂ ನಂಬುತ್ತಿದ್ದರು. ಮುಂಜಾನೆಯ ತಮ್ಮ ಕಾಲನ್ನು ಮಾತ್ರ ನಂಬುತ್ತಿರಲಿಲ್ಲ! ಹಾಸಿಗೆಯಿಂದ ಎದ್ದ ಕಾಲು ಸೋಮಾರಿ, ಅದಕ್ಕೇ ಸಣ್ಣದಂತೆ. ನಡೆದು ನಡೆದು ಊದಿದ್ದೇ ನಿಜವಾದ ಕಾಲಂತೆ. ಆದ್ದರಿಂದ ಕಾಲಿಗೆ ಮೆಟ್ಟುವ ಜೋಡಿನ ಅಳತೆ ಕೊಡಲು ನಾರಾಯಣಖೇಡದಿಂದ ಜಹೀರಾಬಾದಿಗೆ ನಡೆದೇ ಹೋಗುವರು. ಬಂಡಿ ಹತ್ತಿದರೆ ಕಾಲು ಊದುವುದು ಹೇಗೆ?

“ಹೊಸ ಜೋಡು ತರಾಕ ಹೋಗಿ ಹಳೇವು ಸವಿಸಿಕೊಂಡು ಬರ್ತೀರಿ,” ಎನ್ನುತ್ತಿದ್ದರು ಅವರ ಹೆಂಡತಿ, ನಮ್ಮ ಕಾಕು.

“ಅದಕ್ಕs ಹೊಸಾವು ಬೇಕಾಗ್ಯಾವ!”

ಮೋಚಿ ಹೊಲಿದು ಕೊಟ್ಟು ನಿಟ್ಟುಸಿರಿಡುವನು. “ಸಾವ್ಕಾರ್ರ, ಇಷ್ಟು ದೊಡ್ಡ ಜೋಡಿನಾಗ ತೊಗರಿ ಹಸನ ಮಾಡಬಹುದ್ರಿ!”

ಕಾಕಾ ಕೇಳಬೇಕಲ್ಲ! ಓಡುವಾಗ ಬೆರಳು ಮುಂದಕ್ಕೆ ಜಾರುತ್ತದೆ, ಅದಕ್ಕೂ ಜಾಗ ಬೇಕು. ಪರೀಕ್ಷೆಗೆಂದು ಧೋತ್ರ ಎತ್ತಿಕಟ್ಟಿ ಬಜಾರಿನಲ್ಲಿ ಓಡಿಯೇಬಿಟ್ಟರು. ಹೊಸ ಜೋಡು ಮೆಟ್ಟಿ ಓಡುವವನನ್ನು ಪೊಲೀಸ್ ಜವಾನ ಬಿಡುತ್ತಾನೆಯೇ? ರಟ್ಟೆ ಹಿಡಿದ.

“ಕಿದರ್ ಭಾಗ್ತಾ ರೇ?”

“ಎಲ್ಲಿಗೂ ಇಲ್ಲ ಸಾಬ್, ಓಡಿ ನೋಡಾಕತ್ತೀನಿ!”

“ಬಿಡ್ರಿ ಸಾಬ್,” ಎಂದ ಮೋಚಿ, “ಹ್ವಾದ ವರ್ಷನೂ ಹಿಂಗs ಓಡಿದ್ರು.”

ವಿಶ್ವವಿದ್ಯಾಲಯದಲ್ಲಿ ಓದಿ ಪುರಾವೆ ಕೇಳುವ ಚಟ ಹತ್ತಿದ ನನಗೆ ಈಗ ಅನುಮಾನ: ಇದನ್ನು ನಾನು ಕಂಡೆನೋ, ಕಾಕು ಹೇಳಿ ಹೇಳಿ ಕಂಡಂತಾಯಿತೋ? ತಾಂಡೂರಿಗೆ ಮಾತ್ರ ನಾನೂ ಹೋಗಿದ್ದೆ, ಅಷ್ಟು ಖಾತ್ರಿ.

ಅಲ್ಲಿಗೆ ಕೊಟ್ಟಿದ್ದ ಕಾಕಾನ ಒಬ್ಬಳೇ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು. ಬೀಗಿತ್ತಿಗೆ ಕಳಿಸುವ ಮನಸ್ಸಿಲ್ಲ. ಬಸುರಿಯ ಕಾಲು ಊದಿ ಯಾವ ಚಪ್ಪಲಿಯೂ ಹಿಡಿಯುತ್ತಿರಲಿಲ್ಲ. ಓಣಿಯೋ ಇಕ್ಕಟ್ಟು, ಬಂಡಿ ಹೊರಗೇ ನಿಂತಿತ್ತು.

“ನಮ್ಮ ಸೊಸಿ ಬರಿಗಾಲಾಗ ಓಣಿ ದಾಟಿದ್ರ ಮಂದಿ ಏನಂದಾರ್ರಿ ಬೀಗರ? ಇಲ್ಲೇ ಹಡೀಲಿ ಬಿಡ್ರಿ.”

ತಂಗಿ ಬಾಗಿಲಿಗೊರಗಿ ಅಪ್ಪನನ್ನೇ ನೋಡುತ್ತಿದ್ದಳು. ಅವ್ವನ ಹತ್ತಿರ ಹೋಗುವ ಆಸೆಯನ್ನು ಬಾಯಿಬಿಟ್ಟು ಹೇಳಲಾರಳು.

ಊರೆಲ್ಲ ವಾದಿಸುವ ಕಾಕಾ ಅಂದು ವಾದಿಸಲಿಲ್ಲ. ಬಗ್ಗಿ ತಮ್ಮ ಜೋಡು ಕಳಚಿ, ಧೂಳು ಒರೆಸಿ, ಅವಳ ಮುಂದಿಟ್ಟರು.

“ಅಪ್ಪಾ, ನಿಮ್ಮ ಜೋಡು ನಾ ಹೆಂಗ ಮೆಟ್ಟಲ್ರಿ?”

“ಮೆಟ್ಟವ್ವಾ. ನಿಮ್ಮವ್ವ ದಾರಿ ನೋಡಾಕತ್ಯಾಳ.”

ಬೀಗಿತ್ತಿ ಬದಿಗೆ ಸರಿದು ದಾರಿ ಬಿಟ್ಟರು. ತಂಗಿ ನನ್ನ ತೋಳು ಹಿಡಿದು ಹೊಸ್ತಿಲು ದಾಟಿದಳು. ಕಾಕಾ ಬರಿಗಾಲಲ್ಲಿ ಮುಂದೆ. ಕಲ್ಲು ಕಂಡಲ್ಲೆಲ್ಲ ಬಗ್ಗಿ ಎತ್ತಿ ಬದಿಗಿಡುವರು, ನಿಲ್ಲುವರು, ತಿರುಗಿ ನೋಡುವರು. ಜೊತೆ ಬಂದವರನ್ನು ಹಿಂದೆ ಬಿಟ್ಟು ದಾಪುಗಾಲು ಹಾಕುತ್ತಿದ್ದ ಮನುಷ್ಯ, ಬಂಡಿ ಮುಟ್ಟುವವರೆಗೂ ಮಗಳ ಹೆಜ್ಜೆಗೆ ಕಾಯುತ್ತಲೇ ನಡೆದರು.