ಹನ್ನೊಂದನೇ ಸಾಲಿನ ಹೌದು

ತೀರ್ಥೇಶನ ತಾಪತ್ರಯಕ್ಕೆಲ್ಲ ಮೂಲ ಒಂದೇ ಒಂದು ಸಾಲು. ಪಟ್ಟಿಯ ಹನ್ನೊಂದನೇ ಸಾಲಿನಲ್ಲಿ ಅವನ ಹೆಸರಿತ್ತು, ಹೆಸರಿನೆದುರು ‘ಹೌದು’ ಅಂತಿತ್ತು.

ಹೊಸನಗರದ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಕಂಪ್ಯೂಟರ್ ಮೇಷ್ಟ್ರು. ಪ್ರತಿ ವರ್ಷ ಬ್ಯಾಕೋಡಿನಲ್ಲಿ ನಡೆಯುವ ವಿದ್ಯಾರ್ಥಿಗಳ ಸೇವಾ ಶಿಬಿರಕ್ಕೆ ಮೂವರು ಅಧ್ಯಾಪಕರು ಏಳು ದಿನ ಹೋಗಬೇಕು. ಶಾಲೆಯ ಬೆಂಚಿನ ಮೇಲೆ ಮಲಗಿ ನಲವತ್ತು ಹುಡುಗರನ್ನು ಕಾಯುವ ಈ ಭಾಗ್ಯ ಯಾರಿಗೂ ಬೇಡ. ಹೋದ ವರ್ಷ ಚೀಟಿ ಎತ್ತಿದಾಗ, ಒಂದು ಚೀಟಿಯ ಮೂಲೆಯನ್ನು ಯಾರೋ ಬೇಕಂತಲೇ ಮಡಿಚಿದ್ದರು ಎಂದು ದೊಡ್ಡ ರಂಪವಾಗಿತ್ತು. ಅದಕ್ಕೇ ಪ್ರಿನ್ಸಿಪಾಲ್ ನಾರಾಯಣಮೂರ್ತಿಯವರು ಈ ಸಲ ಕಂಪ್ಯೂಟರೇ ಆರಿಸಲಿ, ಅದಕ್ಕೆ ನೆಂಟರಿಷ್ಟರಿಲ್ಲ ಎಂದುಬಿಟ್ಟಿದ್ದರು.

ತೀರ್ಥೇಶ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಬರೆದ. ಅದು ಇಪ್ಪತ್ತಮೂರು ಹೆಸರಲ್ಲಿ ಮೂರನ್ನು ಆರಿಸಿ, ಅವುಗಳೆದುರು ‘ಹೌದು’, ಉಳಿದವುಗಳೆದುರು ‘ಇಲ್ಲ’ ಎಂದು ಹಾಕಿ, ಪಟ್ಟಿಯನ್ನು ಒಂದು ವಿಂಡೋದಲ್ಲಿ ತೋರಿಸಿ, ವಿಂಡೋ ಮುಚ್ಚಿದ ಕೂಡಲೇ ನೇರವಾಗಿ ಪ್ರಿನ್ಸಿಪಾಲರಿಗೆ ಮೇಲ್ ಮಾಡುತ್ತಿತ್ತು. ನಡುವೆ ಯಾರೂ ಕೈಯಾಡಿಸಬಾರದೆಂದು ಅವನೇ ಮಾಡಿದ ಏರ್ಪಾಡು. ಪಟ್ಟಿ ತೋರಿಸುವ ಆ ಪುಟ್ಟ ವಿಂಡೋವನ್ನು ಹಿಂದಿನ ದಿನವಷ್ಟೇ ಇಂಟರ್‌ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡಿದ್ದ. ಗೆರೆ ಹೊಡೆದ ಹಾಜರಿ ಪುಸ್ತಕದ ಹಾಗೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಅದನ್ನು ಬಳಸುವ ವಿವರಗಳನ್ನು ಮಾತ್ರ ಅವನು ಮೊದಲ ಪುಟದಿಂದಾಚೆಗೆ ಓದಿರಲಿಲ್ಲ.

ಈಗ ಆ ವಿಂಡೋದಲ್ಲಿ ಅವನದೇ ಹೆಸರು. ಶಿಬಿರ ಶನಿವಾರ ಶುರು. ಭಾನುವಾರ ಕೋಣಂದೂರಿನಲ್ಲಿ ಯಶಸ್ವಿನಿಯ ಜೊತೆ ಅವನ ನಿಶ್ಚಿತಾರ್ಥ. ಅದು ಆಗಲೇ ಎರಡು ಸಲ ಮುಂದೆ ಹೋಗಿತ್ತು. ಒಮ್ಮೆ ಪರೀಕ್ಷೆಯ ಡ್ಯೂಟಿ, ಇನ್ನೊಮ್ಮೆ ಟೈಫಾಯ್ಡ್, ಎರಡೂ ಅವನದೇ. ಮೂರನೇ ಸಲವೂ ತಪ್ಪಿದರೆ ನಿಮಗೆ ಮನಸ್ಸಿಲ್ಲ ಅಂತ ತಿಳ್ಕೊಳ್ತೀನಿ ಎಂದು ಯಶಸ್ವಿನಿ ಹೇಳಿಯೂ ಆಗಿತ್ತು. ಅವಳು ತಮಾಷೆ ಮಾಡುವ ಪೈಕಿ ಅಲ್ಲ.

ತೀರ್ಥೇಶ ಆ ‘ಹೌದು’ ಮೇಲೆ ಎರಡು ಸಲ ಒತ್ತಿ ನೋಡಿದ. ಅಕ್ಷರ ಅಳಿಸಲು ಬಂತು. ಅಷ್ಟರಲ್ಲಿ, ಯಶಸ್ವಿನಿಯ ಸಂಬಂಧ ಕುದುರಿಸಿದ್ದ ಕನ್ನಡದ ಯಮುನಮ್ಮ ಮೇಡಂ ಯಾರ್ಯಾರ ಹೆಸರು ಬಂತು ಎಂದು ಕೇಳುತ್ತ ಬಾಗಿಲಲ್ಲಿ ಇಣುಕಿದರು. ಅವನು ಗಡಿಬಿಡಿಯಲ್ಲಿ ತನ್ನ ಹೆಸರಿನೆದುರು ‘ಇಲ್ಲ’ ಎಂದು ಬರೆದು, ಒಟ್ಟು ಮೂರೇ ಇರಲೆಂದು ಕೆಳಗಿನ ಸಾಲಿಗೆ ‘ಹೌದು’ ಕೊಟ್ಟು ವಿಂಡೋ ಮುಚ್ಚಿದ. ಮೇಲ್ ಹೋಯಿತು. ಕೆಳಗಿನ ಸಾಲು ಯಾರದೆಂದು ಆಮೇಲೆ ನೆನಪಾಯಿತು. ಅದು ಸುಬ್ಬಯ್ಯ ಮೇಷ್ಟ್ರದು.

ಚರಿತ್ರೆ ಪಾಠ ಹೇಳುವ ಸುಬ್ಬಯ್ಯನವರಿಗೆ ನಿವೃತ್ತಿಗೆ ಎಂಟೇ ತಿಂಗಳು ಬಾಕಿ. ಯಾರಿಗೂ ಒಂದು ಮಾತು ಗಟ್ಟಿಯಾಗಿ ಆಡಿದವರಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಅವರು ಕುಂಟುತ್ತ ಬಂದು, ಮನೆಯಿಂದ ತಂದ ಕೊಟ್ಟೆ ಕಡುಬನ್ನು ತೀರ್ಥೇಶನ ತಟ್ಟೆಗೆ ಹಾಕಿದರು. ಪಕ್ಕದಲ್ಲೇ ಕೂತು ತಮ್ಮ ಕಣ್ಣಿನ ಪೊರೆಯ ಕತೆ ತೆಗೆದರು.

“ಸೋಮವಾರ ಶಿವಮೊಗ್ಗದಲ್ಲಿ ಆಪರೇಷನ್ನು. ಈ ತಾರೀಖು ಸಿಗಕ್ಕೆ ಮೂರು ತಿಂಗ್ಳು ಕಾದಿದೀನಿ. ಆದ್ರೂ ಕಂಪ್ಯೂಟರ್ ನನ್ನ ಹೆಸ್ರು ಆರಿಸಿದ್ರೆ ಹೋಗೋದೇ ಸೈ. ನೀವು ಮಾಡಿದ್ದು ಅಂದ್ಮೇಲೆ ಅದ್ರಲ್ಲಿ ಮೋಸ ಇರಲ್ಲ.”

ತೀರ್ಥೇಶ ಕಡುಬನ್ನು ತಟ್ಟೆಯಲ್ಲೇ ಬಿಟ್ಟ. ಅರ್ಧ ಊಟದಲ್ಲಿ ಎದ್ದು ಪ್ರಿನ್ಸಿಪಾಲರ ಕೋಣೆಗೆ ಓಡಿದ. ಪ್ರೋಗ್ರಾಮಿನಲ್ಲಿ ಒಂದು ಸಣ್ಣ ತಪ್ಪಿದೆ, ಇನ್ನೊಂದು ಸಲ ಓಡಿಸುತ್ತೇನೆ ಎಂದು ತೊದಲಿದ. ನಾರಾಯಣಮೂರ್ತಿಯವರು ಮೇಜಿನ ಖಾನೆ ತಟ್ಟಿ ತೋರಿಸಿದರು. ಪಟ್ಟಿ ಪ್ರಿಂಟಾಗಿ, ಕವರಿನೊಳಗೆ ಸೇರಿ, ಗೋಂದು ಹಚ್ಚಿಯೂ ಆಗಿತ್ತು. ಈಗ ಬದಲಾಯಿಸಿದರೆ ಮತ್ತೆ ಮಡಿಚಿದ ಚೀಟಿಯ ಕತೆಯೇ ಆಗುತ್ತದೆ, ನಾಲ್ಕು ಗಂಟೆಗೆ ಎಲ್ಲರೆದುರು ಒಡೆಯುತ್ತೇನೆ ಅಂದರು. ಮೆಲ್ಲಗೆ ನಕ್ಕು ಇನ್ನೊಂದು ಮಾತೂ ಸೇರಿಸಿದರು: “ಪಟ್ಟಿ ನೋಡಿದೀನಿ. ನೀವು ನಿಶ್ಚಿಂತೆಯಾಗಿರಿ.”

ಆ ನಗು ನೋಡಿ ಅವನಿಗಿದ್ದ ಅಷ್ಟಿಷ್ಟು ಧೈರ್ಯವೂ ಉಡುಗಿತು. ಗೊತ್ತಾಗಿಬಿಟ್ಟಿದೆ, ಎಲ್ಲರೆದುರು ಮಾನ ತೆಗೆಯಲು ಕಾಯುತ್ತಿದ್ದಾರೆ ಎಂದೇ ಅಂದುಕೊಂಡ. ಹೊರಗೆ ಬಂದವನ ಮುಖದ ಬೆವರು ಯಮುನಮ್ಮನ ಕಣ್ಣಿಗೆ ಬಿತ್ತು. ಅವರು ಫ್ಲಾಸ್ಕಿನಿಂದ ಜೀರಿಗೆ ಕಷಾಯ ಬಗ್ಗಿಸಿ ಕುಡಿಸಿ, ಹುಡುಗ ನಿಶ್ಚಿತಾರ್ಥಕ್ಕೆ ಹೆದರಿದ್ದಾನೆ ಎಂದು ಸ್ಟಾಫ್ ರೂಮಿಗೆಲ್ಲ ಸಾರಿದರು. ಒಬ್ಬೊಬ್ಬರೇ ಬಂದು ಸಂಸಾರದ ಬಗ್ಗೆ ಬುದ್ಧಿ ಹೇಳಿ ಹೋದರು. ಸುಬ್ಬಯ್ಯನವರಂತೂ ಅವನ ಎರಡು ಗಂಟೆಯ ಕ್ಲಾಸನ್ನು ತಾವೇ ತೆಗೆದುಕೊಂಡು, ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತಿದರು. ಅದನ್ನು ನೋಡಿ ತೀರ್ಥೇಶನಿಗೆ ಅಳುವೇ ಬಂತು.

ನಾಲ್ಕು ಗಂಟೆಗೆ ಎಲ್ಲರೂ ಸೇರಿದರು. ಪ್ರಿನ್ಸಿಪಾಲರು ಕವರಿನ ಅಂಚಿಗೆ ಉಗುರು ಹಾಕಿದ್ದೇ ತಡ, ತೀರ್ಥೇಶ ಎದ್ದು ನಿಂತ. ನಿಜ ಹೇಳಬೇಕೆಂದೇ ಎದ್ದದ್ದು. ಆದರೆ ಬಾಯಿಗೆ ಬಂದದ್ದು ಬೇರೆ.

“ಸರ್, ಕವರ್ ಒಡೆಯೋಕೆ ಮುಂಚೆ ಒಂದು ಮಾತು. ಹಿರಿಯರು ಯಾರ ಹೆಸರಾದ್ರೂ ಅದ್ರಲ್ಲಿದ್ರೆ, ಅವ್ರ ಬದಲು ನನ್ನ ಹಾಕಿ. ಬ್ಯಾಕೋಡಿಗೆ ನಾನು ಹೋಗ್ತೀನಿ.”

ಚಪ್ಪಾಳೆ ಬಿತ್ತು. ಸುಬ್ಬಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಮುನಮ್ಮ ಫೋನು ಹಿಡಿದು ಸರಸರ ಹೊರಗೆ ನಡೆದರು. ಹೊತ್ತುಕೊಂಡಿದ್ದ ಭಾರವೆಲ್ಲ ಇಳಿದ ಹಾಗಾಗಿ ತೀರ್ಥೇಶ ಕೂತುಕೊಂಡ.

ಪ್ರಿನ್ಸಿಪಾಲರು ಅವನನ್ನೇ ನೋಡುತ್ತ ಕಾಗದ ಬಿಡಿಸಿದರು. ಮೊದಲ ಎರಡು ಹೆಸರು ಸಣ್ಣ ವಯಸ್ಸಿನವರದೇ. ಮೂರನೆಯದರ ಹತ್ತಿರ ನಿಂತರು.

“ಕಂಪ್ಯೂಟರ್ ಕೊಟ್ಟಿದ್ದು ನಿಮ್ಮ ಹೆಸರು. ಭಾನುವಾರ ನಿಮ್ಮ ನಿಶ್ಚಿತಾರ್ಥ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಬೆಳಿಗ್ಗೆನೇ ಅದನ್ನ ಹೊಡೆದು, ನನ್ನ ಹೆಸರು ಬರ್ಕೊಂಡಿದ್ದೆ.”

ತೀರ್ಥೇಶನಿಗೆ ಆಗ ಅರ್ಥವಾಯಿತು. ಆ ವಿಂಡೋ ಇದ್ದದ್ದು ತೋರಿಸುವುದಕ್ಕೆ ಮಾತ್ರ. ಅದರ ಮೇಲೆ ಅವನು ತಿದ್ದಿದ್ದು ಒಳಗಿನ ಪಟ್ಟಿಗೆ ತಲುಪಿರಲೇ ಇಲ್ಲ, ವಿಂಡೋ ಮುಚ್ಚಿದಾಗ ಹಾಗೇ ಅಳಿಸಿಹೋಗಿತ್ತು. ಸುಬ್ಬಯ್ಯನವರ ಹೆಸರಿನೆದುರು ಬೆಳಿಗ್ಗೆಯಿಂದಲೂ ‘ಇಲ್ಲ’ವೇ ಇತ್ತು.

“ಸರ್, ಹಾಗಾದ್ರೆ...” ಎಂದು ಅವನು ಬಾಯಿ ತೆರೆದ.

“ನೀವೇ ಇಷ್ಟು ಆಸೆಪಡೋವಾಗ ನಾನು ಅಡ್ಡ ಬರಬಾರದು” ಎಂದು ಐವತ್ತೆಂಟು ವರ್ಷದ ನಾರಾಯಣಮೂರ್ತಿಯವರು ತಮ್ಮ ಹೆಸರನ್ನು ಎರಡೆರಡು ಗೆರೆ ಎಳೆದು ಹೊಡೆದು, ಅವನದನ್ನು ದುಂಡಗೆ ಬರೆದರು. ಅವರ ಮುಖ ಬೆಳಿಗ್ಗೆಯಿಂದ ಅಷ್ಟು ಅರಳಿರಲಿಲ್ಲ. ಮತ್ತೊಮ್ಮೆ ಚಪ್ಪಾಳೆಯಾಯಿತು.

ಹೊರಗೆ ಬರುವಷ್ಟರಲ್ಲಿ ಯಶಸ್ವಿನಿಯ ಫೋನು.

“ಯಮುನಮ್ಮ ಮೇಡಂ ಹೇಳಿದ್ರು. ನಿಮ್ಮ ಹೆಸರು ಇದೆಯೋ ಇಲ್ವೋ ಅಂತ ನೋಡೋಕೂ ಮುಂಚೆ, ನೀವೇ ಎದ್ದು ನಿಂತು ಕೇಳಿ ಹಾಕಿಸ್ಕೊಂಡ್ರಂತೆ. ಯಾಕೆ?”

ಮುದುಕರೊಬ್ಬರ ತಲೆಗೆ ಕಟ್ಟಲು ಹೋದ ಪಾಪ ಕಳೆದುಕೊಳ್ಳಲು ಎಂದು ಮದುವೆಯಾಗುವ ಹುಡುಗಿಗೆ ಹೇಳುವುದು ಹೇಗೆ?

“ಸರಿ ಬಿಡಿ,” ಅಂದಳು ಅವಳು. “ಇನ್ನು ತಾರೀಖು ನೋಡೋದು ಬೇಡ ಅಂತ ಅಪ್ಪಯ್ಯಂಗೆ ಹೇಳ್ತೀನಿ.”