ಮೆಣಸಿನಗಿಡದ ನುಸಿಯ ಬೆನ್ನುಹತ್ತಿ

ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಅಂತ ಊರೂರು ತಿರುಗಿ, ಮೆಣಸಿನಕಾಯಿ ಬೆಳೆಯುವವರಿಗೆ ಹುಳುಗಳ ಗುರುತು ಹೇಳಿಕೊಡುವ ಕೆಲಸ ನನ್ನದು. ರೈತರು ನನ್ನನ್ನು ‘ಹುಳದ ಬಾಯಾರು’, ಅಂದರೆ ಹುಳದ ಟೀಚರಮ್ಮ, ಅನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಹುಳುಗಳು ನನಗೆ ಒಂದು ದಿನವೂ ತ್ರಾಸು ಕೊಟ್ಟಿಲ್ಲ. ತ್ರಾಸು ಕೊಟ್ಟವರೆಲ್ಲ ಎರಡು ಕಾಲಿನವರು. ಗಿಡ ಹೂವಿಗೆ ಬಂತೆಂದರೆ ಸಾಕು, ಅವರೂ ಬಂದರೆಂದೇ ಲೆಕ್ಕ.

ಫೋಟೋ

ಹಿರೇವಡ್ಡಟ್ಟಿಯ ರೈತರೊಬ್ಬರು ಒಂದು ಬೆಳಿಗ್ಗೆ ಫೋನ್ ಮಾಡಿದರು.

“ಬಾಯಾರ, ಗಿಡಕ್ಕ ಹುಳ ಹತ್ತೈತ್ರಿ. ಏನು ಹೊಡೀಲಿ?”

“ಎಂಥಾ ಹುಳ ರೀ?”

“ಸಣ್ಣ ಹುಳ ರೀ.”

“ಬಣ್ಣ?”

“ಹುಳದ ಬಣ್ಣ ರೀ.”

ಫೋಟೋ ಕಳಿಸಲು ಹೇಳಿದೆ. ಅರ್ಧ ತಾಸಿಗೆ ಹದಿನಾಲ್ಕು ಫೋಟೋ ಬಂದವು. ಹದಿನಾಲ್ಕರಲ್ಲೂ ಅವರೇ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಪಟಗ, ಹಿಂದೆ ದೂರದಲ್ಲಿ ಹಸಿರಾಗಿ ಒಂದು ಹೊಲ. ತಿರುಗಿ ಫೋನ್ ಮಾಡಿದೆ.

“ಇದ್ರಾಗ ಹುಳ ಎಲ್ಲೈತ್ರಿ?”

“ನನ್ನ ಬೆನ್ನ ಹಿಂದ ಐತ್ರಿ, ಎಡಗಡೆ ಮೂರನೇ ಸಾಲಿನ್ಯಾಗ.”

ನೀವು ಬೇಡ, ಹುಳ ಮಾತ್ರ ಬರುವಂತೆ ಹತ್ತಿರದಿಂದ ತೆಗೆಯಿರಿ ಎಂದೆ. ಅವರು ಸಣ್ಣ ದನಿಯಲ್ಲಿ ಕೇಳಿದರು, “ಅಂದ್ರ ನಾ ಮನಿಗೆ ಹೋಗಿ ಅಂಗಿ ಬದಲಿ ಮಾಡಿ ಬಂದದ್ದು ದಂಡ ಆತು ಅನ್ರಿ?”

ಸೀಸೆ

ಆವತ್ತಿನಿಂದ ಫೋಟೋ ಬೇಡ, ಹುಳವನ್ನೇ ತನ್ನಿ ಎನ್ನತೊಡಗಿದೆ. ಎಲೆಯ ರಸ ಹೀರುವ ಥ್ರಿಪ್ಸ್ ನುಸಿಯನ್ನು ಹಿಡಿಯುವುದು ಸುಲಭ. ಟೊಂಗೆಯ ಕೆಳಗೆ ಬಿಳಿ ಹಾಳೆ ಹಿಡಿದು ಮೆಲ್ಲಗೆ ಬಡಿದರೆ ಉದುರುತ್ತವೆ. ಕತ್ತರಿಸಿದ ಕೂದಲಿನ ಚೂರಿನಷ್ಟಿರುತ್ತವೆ, ಹಾಳೆಯ ಮೇಲೆ ಓಡಾಡುತ್ತವೆ.

ಲಕ್ಕುಂಡಿಯ ಒಬ್ಬ ಹೆಣ್ಣುಮಗಳು ಅಷ್ಟನ್ನೂ ಅಚ್ಚುಕಟ್ಟಾಗಿ ಮಾಡಿ, ನುಸಿಯನ್ನು ಉಪ್ಪಿನಕಾಯಿ ಸೀಸೆಗೆ ಹಾಕಿಕೊಂಡು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಗದಗಿಗೆ ಬಂದರು. ನನ್ನ ಮೇಜಿನ ಮೇಲೆ ಸೀಸೆ ಇಟ್ಟರು. ಕನ್ನಡಕ ಹಾಕಿ ನೋಡಿದೆ. ಬೆಳಕಿಗೆ ಹಿಡಿದು ನೋಡಿದೆ. ಒಂದೂ ಇಲ್ಲ. ಮುಚ್ಚಳ ನೋಡಿದರೆ ದಬ್ಬಣದಿಂದ ಎಂಟು ತೂತು.

“ಅಕ್ಕಾರ, ಈ ತೂತು ಯಾಕ ಮಾಡೀರಿ?”

“ಉಸುರು ಆಡಬೇಕಲ್ರಿ.”

“ನೀವು ಬಂದದ್ದು ಅವನ್ನ ಕೊಲ್ಲೂ ಔಷಧ ಕೇಳಾಕ ಹೌದಲ್ಲ?”

“ಹೌದ್ರಿ. ಹೊಲದಾಗ ಇದ್ದವನ್ನ ಕೊಲ್ಲಾಕ. ಇವನ್ನ ನಾ ಕರಕೊಂಡ ಬಂದೇನಲ್ರಿ.”

ಅಣ್ಣನ ಹುಳ, ತಮ್ಮನ ಬಲೆ

ಕಾಯಿಕೊರಕ ಹುಳಕ್ಕೆ ಮೋಹಕ ಬಲೆ ಅಂತ ಒಂದಿದೆ. ಅದರೊಳಗೆ ಹೆಣ್ಣು ಪತಂಗದ ವಾಸನೆ ಇಟ್ಟಿರುತ್ತಾರೆ. ಗಂಡು ಪತಂಗ ಆಸೆಯಿಂದ ಬಂದು ಸಿಕ್ಕಿಬೀಳುತ್ತದೆ. ಗಂಡಿಲ್ಲದಿದ್ದರೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ.

ಮುಂಡರಗಿ ಕಡೆ ಅಣ್ಣತಮ್ಮಂದಿರಿಬ್ಬರ ಹೊಲ ಒಂದಕ್ಕೊಂದು ಹತ್ತಿಕೊಂಡಿವೆ. ತಮ್ಮ ನನ್ನ ಮಾತು ಕೇಳಿ ಬಲೆ ಕಟ್ಟಿದ. ಎಂಟು ದಿನಕ್ಕೆ ಅಣ್ಣ ಮುಖ ಕೆಂಪಗೆ ಮಾಡಿಕೊಂಡು ನನ್ನ ಮುಂದೆ ನಿಂತಿದ್ದರು.

“ನನ್ನ ಹೊಲದ ಪತಂಗ ಎಲ್ಲಾ ಅವನ ಬಲಿಯೊಳಗ ಬಿದ್ದಾವ್ರಿ.”

“ಚಲೋ ಆತಲ್ರಿ. ಖರ್ಚಿಲ್ಲದ ನಿಮ್ಮ ಹೊಲಾನೂ ಸ್ವಚ್ಛ ಆತು.”

“ಅದು ಖರೆ. ಆದ್ರ ಒಂದು ಮಾತು ಕೇಳಬೇಕಲ್ರಿ? ನನ್ನ ಹೊಲದಾಗ ಹುಟ್ಟಿ, ನನ್ನ ಕಾಯಿ ತಿಂದು ಬೆಳದಾವ.”

ಅರ್ಧ ತಾಸು ತಿಳಿಸಿ ಹೇಳಿದೆ. ಕಡೆಗೆ ತಲೆಯಾಡಿಸಿ ಎದ್ದರು. ಬಾಗಿಲ ತನಕ ಹೋಗಿ ತಿರುಗಿ, “ಆತು ಬಿಡ್ರಿ. ಬಿದ್ದವು ಬಿದ್ದುವು. ಅದ್ರಾಗ ನನ್ನ ಪಾಲಿಂದು ಎಣಿಸಿ ಕೊಡಾಕ ಅವಗ ಹೇಳ್ರಿ,” ಎಂದರು.

ಮುಟುರು

ಲಕ್ಷ್ಮೇಶ್ವರದ ಹತ್ತಿರ ಒಬ್ಬ ಯಜಮಾನರ ಎರಡು ಎಕರೆ ಮೆಣಸಿನಗಿಡ ಎಲೆಯೆಲ್ಲ ಮುದುಡಿ ಮುಟುರು ಬಿದ್ದು ನಿಂತಿತ್ತು. ಅಂಗಡಿಯವರು, ಬೀಗರು, ಕಟಿಂಗ್ ಅಂಗಡಿಯಲ್ಲಿ ಕೂತವರು, ಹೀಗೆ ಹೇಳಿದವರ ಮಾತೆಲ್ಲ ಕೇಳಿ ಎಂಟು ಸಲ ಔಷಧ ಹೊಡೆದಿದ್ದರು. ಅಷ್ಟೂ ತಪ್ಪು ಔಷಧ. ಎಲೆಯ ಅಂಚು ಮೇಲಕ್ಕೆ ಮಡಚಿ ದೊನ್ನೆಯಂತಾದರೆ ಅದು ನುಸಿ. ಕೆಳಕ್ಕೆ ಮಡಚಿ ಕವುಚಿಟ್ಟ ದೊನ್ನೆಯಂತಾದರೆ ಅದು ಕಣ್ಣಿಗೂ ಕಾಣದಷ್ಟು ಸಣ್ಣ ಮೈಟ್. ಎರಡಕ್ಕೂ ಔಷಧ ಬೇರೆ. ಇವರದು ಕೆಳಕ್ಕೆ ಮಡಚಿತ್ತು. ಗಂಧಕ ಹೊಡೆಯಿರಿ ಎಂದೆ.

“ಅದು ಭಾಳ ಸೋವಿ, ಕಡಿಮಿ ರೊಕ್ಕದ ಔಷಧ ರೀ. ಊರಾಗ ಮಾರಿ ಹ್ಯಾಂಗ ತೋರಸ್ಲಿ?”

ಒಪ್ಪಿಸಲು ಮೂರು ಸಲ ಹೋಗಿ ಬದುವಿನ ಮೇಲೆ ಕೂತೆ. ಕಡೆಗೆ ಅವರ ಮನೆಯಾಕೆಯೇ, “ಆ ಬಾಯಿ ಬಿಸಲಾಗ ಕುಂತು ಕರ್ರಗಾಗ್ಯಾಳ, ಹೊಡೀರಿ ಅತ್ಲಾಗ,” ಎಂದ ಮೇಲೆ ಹೊಡೆದರು. ಮೂರು ವಾರಕ್ಕೆ ಹೊಸ ಚಿಗುರು ಬಂತು, ಮೇಲೆ ಹೂವೂ ಬಂತು. ಖರೆ ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರೇ ಬಂತು.

ಆ ಹೊಲಕ್ಕೆ ಸುತ್ತಲಿನ ನಲವತ್ತು ರೈತರನ್ನು ಕರೆದೆ. ಎಲೆ ಕೈಯಲ್ಲಿ ಹಿಡಿದು ಮೇಲೆ ಮಡಚಿದರೆ ಏನು, ಕೆಳಗೆ ಮಡಚಿದರೆ ಏನು ಎಂದು ಒಂದು ತಾಸು ಹೇಳಿದೆ. ಆಮೇಲೆ ಯಜಮಾನರಿಗೆ ಎರಡು ಮಾತು ಆಡಲು ಹೇಳಿದೆ.

“ಬಾಯಾರು ಹೇಳಿದ್ದು ಹೊಡದ್ವಿ,” ಎಂದರು ಅವರು. “ಅದು ಹೊಡದ ದಿನಾನ ನಮ್ಮ ಮನಿಯಾಕಿ ಹೊಲದ ಮೂಲ್ಯಾಗಿನ ಗೂಟಕ್ಕ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ್ಲು. ಬೆಳಿಗೆ ದೃಷ್ಟಿ ಆಗಿತ್ತು. ಅದು ಹೋತು ನೋಡ್ರಿ, ಗಿಡ ಎದ್ದುವು.”

ನಲವತ್ತು ಜನವೂ ನನ್ನನ್ನು ಬಿಟ್ಟು ಆ ಮೂಲೆಯ ಗೂಟಕ್ಕೆ ನಡೆದರು. ನಾನೂ ಹಿಂದೆ ಓಡಿದೆ.

“ಮೆಣಸಿನಕಾಯಿ ಹೊಲಕ್ಕ ಮೆಣಸಿನಕಾಯಿನ ಕಟ್ಟೀರಿ?”

“ನಮ್ಮ ಹೊಲದ್ದಲ್ರಿ. ದೃಷ್ಟಿ ಆದ ಗಿಡದ ಕಾಯಿ ದೃಷ್ಟಿ ಹ್ಯಾಂಗ ತಗೀತೈತಿ? ಸಂತಿಯಿಂದ ತಂದದ್ದು.”

ಕಟ್ಟಿದ ಕಾಯಿಯೊಂದರಲ್ಲಿ ಕಾಯಿಕೊರಕ ಕೊರೆದ ದುಂಡನೆಯ ತೂತಿತ್ತು. ಅದನ್ನೇ ಹಿಡಿದು ಎಲ್ಲರಿಗೂ ತೋರಿಸಿದೆ. “ನೋಡ್ರಿ, ಇದಕ್ಕ ಹುಳ ಬಿದ್ದೈತಿ.”

“ಬೀಳಬೇಕಲ್ರಿ,” ಎಂದರು ಯಜಮಾನರು ಶಾಂತವಾಗಿ. “ಹೊಲದಾಗಿಂದು ಅದರೊಳಗ ಹೋಗೈತಿ.”

ಆಗ ಹಿಂದೆ ನಿಂತಿದ್ದ ಒಬ್ಬರು ಕೈ ಎತ್ತಿದರು. ಒಂದು ತಾಸು ನನ್ನ ಮಾತನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರು ಅವರೊಬ್ಬರೇ. ಸದ್ಯ ಒಬ್ಬರಾದರೂ ಕೇಳಿಸಿಕೊಂಡರಲ್ಲ ಎಂದು ಜೀವ ಬಂದಂತಾಯಿತು.

“ಬಾಯಾರ, ಇದು ಎಲಿ ಕೆಳಗ ಮಡಚಿದ್ದಕ್ಕ ಕಟ್ಟಿದ್ದು ಹೌದಲ್ರಿ?” ಪೆನ್ನು ತೆಗೆದು ಹಾಳೆಯ ಮೇಲಿಟ್ಟು ಕೇಳಿದರು, “ಮ್ಯಾಲ ಮಡಚಿದ್ರ ಎಷ್ಟು ಮೆಣಸಿನಕಾಯಿ ಕಟ್ಟಬೇಕ್ರಿ?”