ಅವಸರದ ದಾಳ

ದಾಳ ಉರುಳಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಮಕ್ಕಳೇ. ನಮ್ಮೂರಿನ ಪಗಡೆಯಲ್ಲಿ ಎದುರಿನವಳು ಕಾಯಿ ನಡೆಸಿ ಕೈ ಎತ್ತುವಷ್ಟರಲ್ಲಿ ನಾವು ದಾಳ ಬಾಚಿ ಎಸೆದಿರಬೇಕು. ತಡಮಾಡಿದವಳನ್ನು "ಕೈಗೆ ಗೋರಂಟಿ ಹಾಕ್ಕೊಂಡಿದ್ದೀಯೇನೇ?" ಎಂದು ನಗುತ್ತಿದ್ದರು. ನನಗೆ ಆ ಮಾತು ಒಬ್ಬರೂ ಅಂದಿಲ್ಲ.

ಎಪ್ಪತ್ತರ ದಶಕದಲ್ಲಿ ನಾವು ಕೆ.ಆರ್. ಪುರದ ಹತ್ತಿರ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಅಲ್ಲಿನ ಮಹಿಳಾ ಸಮಾಜದವರು ಬ್ಯಾಕ್‌ಗ್ಯಾಮನ್ ಪಂದ್ಯ ಇಟ್ಟರು. ಅದು ನಮ್ಮ ಪಗಡೆಯ ದೂರದ ನೆಂಟ. ಕಾಯಿಗಳನ್ನು ಸುತ್ತು ಹಾಕಿಸಿ ಮೊದಲು ಹೊರಗೆ ತೆಗೆದವರು ಗೆದ್ದಂತೆ. ಬಾಚುವ ಕಷ್ಟವೂ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಎರಡು ದಾಳ. ಬಹುಮಾನ ಪ್ರೆಶರ್ ಕುಕ್ಕರ್. ನಾಲ್ಕು ಜನರೆದುರು ಬಾಯಿ ಬಿಡದ ನಾನು ಆ ಕುಕ್ಕರಿಗಾಗಿ ಹೆಸರು ಕೊಟ್ಟೆ. ಫೈನಲ್ಲಿಗೂ ಬಂದೆ.

ಫೈನಲ್ಲಿನ ದಿನ ಬೆಳಿಗ್ಗೆ ಪಾತ್ರೆಯವಳು ಬಂದಳು. ಅನ್ನ ಮಾಡುವ ಹಿತ್ತಾಳೆ ತಪ್ಪಲೆಯನ್ನು ಅವಳಿಗೆ ಕೊಟ್ಟು ಕಾಫಿಪುಡಿಗೊಂದು ಸ್ಟೀಲ್ ಡಬ್ಬಿ ತೆಗೆದುಕೊಂಡೆ.

"ಕುಕ್ಕರ್ ಇನ್ನೂ ಬಂದಿಲ್ವಲ್ಲೇ," ಎಂದರು ನಿಮ್ಮ ತಾತ.

"ಸಂಜೆ ಬರತ್ತೆ ಬಿಡಿ."

ಎದುರಾಳಿ ಕುಕ್ ಟೌನಿನಲ್ಲಿ ಬೆಳೆದ ಫಿಲೋಮಿನಾ. ಕಾಯಿ ನಡೆಸಿದ ಮೇಲೂ ಗಲ್ಲಕ್ಕೆ ಕೈಯಿಟ್ಟು, ಒಂದು ಲೋಟ ಕಾಫಿ ಆರಿಹೋಗುವಷ್ಟು ಹೊತ್ತು ಯೋಚಿಸುತ್ತಾಳೆ. ನಾನೆಷ್ಟು ಕಾಯಲಿ? ಎಸೆದೆ. ಅವಳ ಒಂಟಿ ಕಾಯಿಯನ್ನು ಹೊಡೆಯಲು ಬೇಕಾಗಿದ್ದ ನಾಲ್ಕೇ ಬಿತ್ತು.

"ಏನ್ ಮಾ, ನಾನಿನ್ನೂ ನನ್ನ ದಾಳ ಎತ್ತೇ ಇಲ್ಲ," ಎಂದಳು ಫಿಲೋಮಿನಾ.

ಕಾರ್ಯದರ್ಶಿ ಸರೋಜಮ್ಮ ನಿಯಮದ ಪುಸ್ತಕ ತೆರೆದರು. "ಅವರು ತಮ್ಮ ದಾಳ ಎತ್ಕೊಂಡ್ರೇನೇ ಅವರ ಸರದಿ ಮುಗೀತು ಅಂತ. ಅದಕ್ಕೆ ಮುಂಚೆ ನೀವು ಎಸೆದಿದ್ದು ಹಾಗೇ ನಿಲ್ಲತ್ತೆ. ಆದ್ರೆ ಅದನ್ನ ನೋಡ್ಕೊಂಡು ಅವರು ತಮ್ಮ ನಡೆ ಬದಲಾಯಿಸ್ಬಹುದು."

ಫಿಲೋಮಿನಾ ನಿಧಾನವಾಗಿ ನಡೆ ಹಿಂದೆ ತೆಗೆದು, ಒಂಟಿ ಕಾಯಿಗೆ ಜೊತೆ ಕೂರಿಸಿದಳು. ಜೋಡಿಯಾದ ಕಾಯಿಯನ್ನು ಹೊಡೆಯುವಂತಿಲ್ಲ. ನನ್ನ ನಾಲ್ಕು ನೀರುಪಾಲು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ. "ಇದ್ಯಾವ ನ್ಯಾಯ ರೀ? ಪ್ರಶ್ನೆಪತ್ರಿಕೆ ತೋರಿಸಿ ಪರೀಕ್ಷೆ ಬರೆಸಿದ ಹಾಗಾಯ್ತು! ಮುಂಚೆ ಎಸೆದ್ರೆ ಅದನ್ನ ರದ್ದು ಮಾಡಿ, ಇನ್ನೊಂದ್ಸಲ ಎಸೀರಿ ಅನ್ನಿ. ಅದು ನಿಯಮ."

ಆ ಧ್ವನಿ ನನ್ನದೇ ಎಂದು ನಂಬಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು.

"ಅವರು ಹೇಳಿದ ಹಾಗೇ ಇರ್ಲಿ ಮಾ, ನಂಗೇನ್ ಪ್ರಾಬ್ಲಂ?" ಎಂದಳು ಫಿಲೋಮಿನಾ.

ಸರೋಜಮ್ಮ ಹಳೆಯ ನಿಯಮಕ್ಕೆ ಅಡ್ಡಗೆರೆ ಎಳೆದು, ನನ್ನದನ್ನು ಬರೆದು, ಕೆಳಗೆ ಸಹಿ ಹಾಕಿಸಿಕೊಂಡರು. ಹಳ್ಳಿಯ ಶಾಲೆಯ ಮೇಷ್ಟ್ರು ತಿದ್ದಿಸಿದ ದುಂಡಕ್ಷರದಲ್ಲಿ ಹಾಕಿದೆ. ಹೀಗೆ ಮಹಿಳಾ ಸಮಾಜದಲ್ಲಿ ಬೇರೂರಿದ್ದ ಅನ್ಯಾಯವೊಂದು ನನ್ನಿಂದ ನಿರ್ಮೂಲವಾಯಿತು.

ಆಟ ಮುಂದುವರಿಯಿತು. ಕೊನೆಗೆ ನನ್ನ ನಾಲ್ಕು ಕಾಯಿ ಆರನೆಯ ಮನೆಯಲ್ಲಿ ಉಳಿದವು. ಫಿಲೋಮಿನಾ ತನ್ನ ಕಾಯಿಗಳನ್ನು ತೆಗೆದು ಒಂದನ್ನು ಉಳಿಸಿಕೊಂಡಳು. ಮುಂದಿನ ಸರದಿಗೆ ಅದೂ ಹೊರಗೆ ಹೋಗುವುದು ಖಂಡಿತ. ಎರಡೂ ದಾಳಕ್ಕೆ ಒಂದೇ ಸಂಖ್ಯೆ ಬಿದ್ದರೆ ಅದನ್ನು ನಾಲ್ಕು ಸಲ ನಡೆಸಬಹುದು; ಹಾಗಾಗಿ ನನಗೆ ಎರಡು ಆರು ಬಿದ್ದರೆ ಮಾತ್ರ ಗೆಲುವು. ದೇವರ ಹೆಸರು ಹೇಳಿ ಎಸೆದೆ.

ಎರಡು ಆರು!

ಹಲಗೆಯ ಮೇಲೆ ನೋಡಿದರೆ, ಫಿಲೋಮಿನಾಳ ದಾಳಗಳು ಇನ್ನೂ ಅಲ್ಲೇ ಕೂತಿದ್ದವು.

"ಹಳೇ ನಿಯಮ ಇದ್ದಿದ್ರೆ ನೀವೇ ಗೆದ್ದಿರ್ತಿದ್ರಿ," ಎಂದರು ಸರೋಜಮ್ಮ, ತುಂಬ ಮರುಕದಿಂದ. "ಈಗ ರದ್ದು. ಇನ್ನೊಂದ್ಸಲ ಎಸೀರಿ."

ಎಸೆದೆ. ಎರಡು ಮತ್ತು ಒಂದು.

ಆ ಸಂಜೆ ಹಾಲಿನ ಪಾತ್ರೆಯಲ್ಲಿ ಅಕ್ಕಿ ಇಟ್ಟೆ. ತಳ ಹತ್ತಿತು, ಮೇಲೆ ಬೇಯಲಿಲ್ಲ. ನಿಮ್ಮ ತಾತ ಒಂದು ತುತ್ತು ಅಗಿದು ಕೇಳಿದರು, "ಇಂಥಾ ನಿಯಮ ಮಾಡಿದ ಪುಣ್ಯಾತ್ಮರು ಯಾರೇ?"

"ಯಾರೋ ಏನೋ. ತಲೆಯಿಲ್ಲದವರು," ಎಂದು ಇನ್ನೊಂದು ಸೌಟು ಬಡಿಸಿದೆ.

ಆ ನಿಯಮದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಮಕ್ಕಳೇ. ಸಮಾಜಕ್ಕೆ ದೂರು ಬರೆಯಬೇಕೆಂದು ಎಷ್ಟೋ ಸಲ ಕೂತೆ. ಪ್ರತಿಸಲವೂ ಕೆಳಗೆ ಸಹಿ ಹಾಕುವ ಹೊತ್ತಿಗೆ ಕೈ ನಿಂತುಹೋಗುತ್ತದೆ. ಅದೇ ದುಂಡಕ್ಷರ, ಅವರು ಗುರುತು ಹಿಡಿದುಬಿಡುತ್ತಾರೆ.